ಮೂವರು ಮಾಧವರು



ಭವಾನಿಸಾಗರ ಅಣೆಕಟ್ಟೆಯ ನೀರು ತೀರ ಇಳಿದ ವರ್ಷಗಳಲ್ಲಿ ಒಳಗಿನಿಂದ ಹಳೆಯ ಕಲ್ಲುಗುಡಿಯೊಂದು ಕಾಣಿಸಿಕೊಳ್ಳುವುದು ನಿಮಗೆ ಗೊತ್ತು. ಅದು ಮಾಧವರಾಯ ಪೆರುಮಾಳ್ ಗುಡಿ. ಅದಿದ್ದ ಕೋಟೆಯ ಹೆಸರು ದಣ್ಣಾಯಕನ ಕೋಟೆ. 1950ರ ದಶಕದಲ್ಲಿ ಅಣೆಕಟ್ಟು ಎದ್ದಾಗ ಕೋಟೆ, ಗುಡಿ ಎರಡೂ ಮುಳುಗಿದವು. ಆಗ ಆ ಸೀಮೆಯೆಲ್ಲ ನಮ್ಮ ಕೊಯಮತ್ತೂರು ಜಿಲ್ಲೆಯೇ. ಈರೋಡು ಬೇರೆಯಾದದ್ದು 1979ರಲ್ಲಿ. ದಣ್ಣಾಯಕ ಎಂದರೆ ದಂಡನಾಯಕ, ದಂಡಿನ ಮುಖ್ಯಸ್ಥ. ತಮಿಳಿನಲ್ಲಿ ಮಾತಾಡುವಾಗಲೂ ನಾವು ದಣ್ಣಾಯಕನ್ ಕೋಟ್ಟೈ ಎಂದೇ ಅನ್ನುತ್ತೇವೆ. ಭಾಷೆ ಬದಲಾದರೂ ಹೆಸರು ಅದೇ.

ಆ ದಂಡನಾಯಕನೇ ಮಾಧವ. ಹೊಯ್ಸಳರ ಮೂರನೆಯ ಬಲ್ಲಾಳನ ಕಾಲದವನು, ಪೆರುಮಾಳೆ ದಂಡನಾಯಕನ ಮಗ. ದಿಂಬಂ ಘಟ್ಟ ಹತ್ತಿ ಚಾಮರಾಜನಗರ ದಾಟಿ ಗುಂಡ್ಲುಪೇಟೆಯ ಕಡೆ ಹೋದರೆ ತೆರಕಣಾಂಬಿ ಸಿಗುತ್ತದಲ್ಲ, ಈ ಮನೆತನದ ಅಧಿಕಾರಕ್ಕೆ ಅದೇ ನೆಲೆ. ನೀಲಗಿರಿಯನ್ನು ಅಡಗಿಸಿದವನೆಂಬ ಬಿರುದೂ ಇವರದು.

ಆದರೆ ಮಾಧವ ಎಂದ ಕೂಡಲೇ ಓದಿದವರಿಗೆ ನೆನಪಾಗುವುದು ಇವನಲ್ಲ, ಅದೇ ಹದಿನಾಲ್ಕನೆಯ ಶತಮಾನದ ಮಾಧವಾಚಾರ್ಯರು. ‘ಪರಾಶರ ಮಾಧವೀಯ’, ‘ಜೈಮಿನೀಯ ನ್ಯಾಯಮಾಲಾ’ ಬರೆದ ಮಹಾ ಪಂಡಿತರು. ವಿದ್ಯಾರಣ್ಯರು ಇವರೇ ಎಂಬುದು ಪರಂಪರೆಯ ಮಾತು. ಉಡುಪಿಯ ಮಧ್ವಾಚಾರ್ಯರು ಬೇರೆ. ಅವರು ಮಧ್ವ, ಇವರು ಮಾಧವ. ಒಂದು ದೀರ್ಘದಲ್ಲಿ ಸಿದ್ಧಾಂತವೇ ಬೇರೆ!

ನಿಜವಾದ ತೊಡಕು ಇರುವುದು ಮೂರನೆಯವನಲ್ಲಿ. ಅವನು ಮಾಧವ ಮಂತ್ರಿ, ವಿಜಯನಗರದ ಸೇನಾನಿ. ಮೊದಲು ಚಂದ್ರಗುತ್ತಿಯಲ್ಲಿ ಮಾರಪ್ಪನಿಗೆ ಮಂತ್ರಿಯಾಗಿದ್ದ. ಮುಂದೆ ಬಹಮನಿಗಳ ಕೈಯಿಂದ ಗೋವೆಯನ್ನು ಬಿಡಿಸಿಕೊಂಡು ಅಲ್ಲಿಯೇ ಆಳಿದ. ಕಿತ್ತುಹೋಗಿದ್ದ ಸಪ್ತನಾಥನ ಲಿಂಗವನ್ನು ಮತ್ತೆ ಪ್ರತಿಷ್ಠೆ ಮಾಡಿದ. ಮಾಧವಾಚಾರ್ಯರೂ ಬುಕ್ಕರಾಯನ ಮಂತ್ರಿಗಳೆಂದೇ ಹೆಸರಾದವರು. ಈ ಮಾಧವನೂ ಬುಕ್ಕರಾಯನ ಕಾಲದವನು. ಒಂದೇ ಹೆಸರು, ಒಂದೇ ರಾಜ್ಯ, ಒಂದೇ ಕಾಲ. ಹೀಗಾಗಿ ಬಹುಕಾಲ ಇಬ್ಬರನ್ನೂ ಒಬ್ಬನೆಂದೇ ಎಣಿಸಿದರು. ಪಂಡಿತರ ತಲೆಗೆ ಗೋವೆಯ ಯುದ್ಧ ಬಂತು, ಸೇನಾನಿಯ ಗೆಲುವು ಅವನದಲ್ಲದೆ ಹೋಯಿತು.

ಬಿಡಿಸಿದ್ದು ಹೇಗೆ? ನಮ್ಮ ಹಳ್ಳಿಯಲ್ಲಿ ನಾಲ್ಕು ಜನ ನಂಜಪ್ಪ ಇದ್ದರೆ ಏನು ಕೇಳುತ್ತೇವೆ? ಯಾರ ಮಗ, ಯಾವ ಕುಲ? ಶಾಸನ ಓದಿದ ವಿದ್ವಾಂಸರು ಕೇಳಿದ್ದೂ ಅದನ್ನೇ. ಮಾಧವಾಚಾರ್ಯರು ತಮ್ಮ ಗ್ರಂಥದಲ್ಲಿಯೇ ವಿವರ ಕೊಟ್ಟಿದ್ದಾರೆ: ತಂದೆ ಮಾಯಣ, ತಾಯಿ ಶ್ರೀಮತಿ, ತಮ್ಮಂದಿರು ಸಾಯಣ ಮತ್ತು ಭೋಗನಾಥ, ಭಾರದ್ವಾಜ ಗೋತ್ರ. ಸೇನಾನಿ ಮಾಧವನೋ ಚೌಂಡಿಭಟ್ಟನ ಮಗ, ಆಂಗಿರಸ ಗೋತ್ರ. ಒಬ್ಬ ಮನುಷ್ಯನಿಗೆ ಇಬ್ಬರು ತಂದೆ, ಎರಡು ಗೋತ್ರ ಇರಲಾರವು. ಹೆಸರು, ಪದವಿ, ರಾಜ ಮೂರೂ ಕೈಕೊಟ್ಟಲ್ಲಿ ತಂದೆಯ ಹೆಸರು ದಾರಿ ತೋರಿತು.

ಪುಸ್ತಕದ ಮೇಲಿನ ಹೆಸರನ್ನು ಮಾತ್ರ ನಂಬುವಂತಿಲ್ಲ. ‘ಮಾಧವೀಯ ಧಾತುವೃತ್ತಿ’ ಎಂಬ ವ್ಯಾಕರಣ ಗ್ರಂಥವಿದೆ. ಬರೆದವರು ಮಾಧವರಲ್ಲ, ತಮ್ಮ ಸಾಯಣರು. ಅಣ್ಣನ ಹೆಸರನ್ನು ಪ್ರೀತಿಯಿಂದ ಇಟ್ಟರು, ನಮಗೆ ಕಷ್ಟ ತಂದರು.

ಇನ್ನೊಂದು ಮಾತು. ಕತ್ತಿ ಹಿಡಿದವನಿಗೆ ಬರಹ ಬಾರದೆಂದು ತಿಳಿಯಬೇಡಿ. ಕನ್ನಡದ ಗದ್ಯದಲ್ಲಿ ಹೆಸರಾದ ಚಾವುಂಡರಾಯನೂ ಗಂಗರ ಸೇನಾಪತಿಯೇ. ಗೋವೆ ಗೆದ್ದ ಮಾಧವ ಮಂತ್ರಿಯೂ ಸ್ಕಾಂದ ಪುರಾಣದ ಸೂತಸಂಹಿತೆಗೆ ‘ತಾತ್ಪರ್ಯದೀಪಿಕೆ’ ಎಂಬ ಸಂಸ್ಕೃತ ವ್ಯಾಖ್ಯಾನ ಬರೆದಿದ್ದಾನೆ. ಅದರ ಅಧ್ಯಾಯಗಳ ಕೊನೆಯಲ್ಲಿ ಬರೆದವನ ಹೆಸರು ಮಾಧವಾಚಾರ್ಯ ಎಂದೇ ಇದೆ! ಓದಿದವರು ಮೋಸಹೋದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದರ ಪಕ್ಕದಲ್ಲಿಯೇ, ತಾನು ಕಾಶೀವಿಲಾಸ ಕ್ರಿಯಾಶಕ್ತಿಗಳ ಭಕ್ತನೆಂದೂ ಹೇಳಿಕೊಂಡಿದ್ದಾನೆ. ಶಾಸನಗಳಲ್ಲಿ ಸೇನಾನಿ ಮಾಧವನ ಗುರುಗಳೂ ಅದೇ ಕ್ರಿಯಾಶಕ್ತಿಗಳು.