ಮೌನವು ಸಮ್ಮತಿಯೇ?

‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತು ಮದುವೆಯ ಮಾತುಕತೆಗೆ ಒಪ್ಪೀತು. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಿಗೆ ಒಪ್ಪುವುದಿಲ್ಲ. ಅಲ್ಲಿ ಮೌನವು ಹಲವು ವೇಳೆ ಅಸಮಾಧಾನದ ಮೊದಲ ಲಕ್ಷಣವಾಗಿರುತ್ತದೆ.

ಇಂತಹ ಕಚೇರಿಗಳಲ್ಲಿ ಏಳೆಂಟು ಮಂದಿಯ ತಂಡವು ಪ್ರತಿದಿನ ಬೆಳಿಗ್ಗೆ ಕಾಲು ಗಂಟೆ ಕಲೆತು, ನಿನ್ನೆ ಆದುದೇನು, ಇಂದು ಆಗಬೇಕಾದುದೇನು, ಅಡ್ಡಿಗಳಾವುವು ಎಂದು ಹೇಳಿಕೊಳ್ಳುವ ಪದ್ಧತಿಯುಂಟು. ತಂಡದ ಮನಸ್ಸು ನೆಟ್ಟಗಿರುವಾಗ ಅಲ್ಲಿ ವಾದ ನಡೆಯುತ್ತದೆ. ‘ಈ ಗಡುವಿನೊಳಗೆ ಇದು ಆಗದು’ ಎನ್ನುವವರು ಒಬ್ಬರಾದರೂ ಇರುತ್ತಾರೆ. ಮನಸ್ಸು ಮುರಿದ ಮೇಲೆ ಎಲ್ಲರದೂ ಒಂದೇ ಉತ್ತರ: ‘ಅಡ್ಡಿಯೇನೂ ಇಲ್ಲ.’ ಒಬ್ಬರು ಬರೆದ ಪ್ರೋಗ್ರಾಮನ್ನು ಮತ್ತೊಬ್ಬರು ಪರಿಶೀಲಿಸುವ ಕ್ರಮವೂ ಉಂಟಷ್ಟೆ. ಅಲ್ಲಿ ನೂರಾರು ಸಾಲುಗಳಿಗೆ ಎರಡೇ ನಿಮಿಷದಲ್ಲಿ ‘ಸರಿಯಾಗಿದೆ’ ಎಂಬ ಷರಾ ಬೀಳತೊಡಗುತ್ತದೆ. ಕಣ್ಣಿಗೆ ಬಿದ್ದ ತಪ್ಪನ್ನೂ ತಿದ್ದುವ ಉಮೇದು ಉಳಿಯುವುದಿಲ್ಲ. ಮೇಲಧಿಕಾರಿಯಾದರೋ, ತಂಡದಲ್ಲಿ ಶಾಂತಿ ನೆಲೆಸಿತೆಂದು ಸಂತೋಷಪಡುತ್ತಾನೆ!

ಅತೃಪ್ತನಿಗೆ ದನಿಯೆತ್ತುವುದು, ಹೊರನಡೆಯುವುದು ಎಂಬ ಎರಡು ದಾರಿಗಳಿವೆಯೆಂದು ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದರು. ಸಂಸ್ಥೆಯ ಮೇಲೆ ಅಭಿಮಾನವುಳ್ಳವನು ಮೊದಲು ದನಿಯೆತ್ತುತ್ತಾನೆ. ಗೊಣಗುವವನಲ್ಲಿ ಇನ್ನೂ ಆಸೆಯಿದೆ ಎಂದೇ ಇದರ ಅರ್ಥ.

ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು 1990ರ ದಶಕದಲ್ಲಿ ಅಧ್ಯಯನ ಮಾಡಿದ ಅಮೆರಿಕದ ಏಮಿ ಎಡ್ಮಂಡ್‌ಸನ್ ಅವರಿಗೆ ಒಂದು ವಿಚಿತ್ರ ಕಂಡಿತು. ಒಳ್ಳೆಯ ತಂಡಗಳಲ್ಲಿಯೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅವರು ಹೆಚ್ಚು ತಪ್ಪು ಮಾಡುತ್ತಿದ್ದರೆಂದಲ್ಲ. ತಪ್ಪನ್ನು ಹೇಳಿಕೊಳ್ಳಲು ಅವರಿಗೆ ಅಂಜಿಕೆಯಿರಲಿಲ್ಲ ಎಂಬುದೇ ಅದಕ್ಕೆ ಅವರು ಕಂಡ ಕಾರಣ. ಸಾಫ್ಟ್‌ವೇರ್ ತಂಡಕ್ಕೂ ಈ ಮಾತು ಸಲ್ಲುತ್ತದೆ.

ಉದ್ಯೋಗದ ಒತ್ತಡದಿಂದಾಗುವ ಬಳಲಿಕೆಗೆ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಮೂರು ಲಕ್ಷಣಗಳನ್ನು ಹೇಳಿತು: ಶಕ್ತಿಯೆಲ್ಲ ಬತ್ತಿದಂತಾಗುವುದು, ಕೆಲಸದ ಬಗೆಗೆ ಜಿಗುಪ್ಸೆ, ‘ನನ್ನಿಂದೇನೂ ಆಗದು’ ಎಂಬ ಭಾವ. ಇವು ಕಚೇರಿಗಿಂತ ಮೊದಲು ಮನೆಯವರ ಕಣ್ಣಿಗೇ ಬೀಳಬಹುದು. ಊಟದ ಹೊತ್ತಿನಲ್ಲಿ ಕಚೇರಿಯ ಕಥೆಗಳನ್ನು ಹೇಳಿ ನಗಿಸುತ್ತಿದ್ದ ಮಗನೋ ಮಗಳೋ, ‘ಇವತ್ತು ಏನಾಯಿತಪ್ಪಾ?’ ಎಂದರೆ ‘ಏನಿಲ್ಲಮ್ಮ’ ಎಂದು ತಟ್ಟೆಯ ಮುಂದಿನಿಂದ ಏಳುತ್ತಾರೆ. ಭಾನುವಾರ ಸಂಜೆಯಾಯಿತೆಂದರೆ ಮುಖ ಕಂದುತ್ತದೆ. ಇದನ್ನು ಸೋಮಾರಿತನವೆಂದೋ ಸಂಬಳದ ಮದವೆಂದೋ ತಿಳಿಯುವುದು ಅನ್ಯಾಯ.

ರಾಜೀನಾಮೆಯ ಪತ್ರ ಕೈಸೇರಿದ ಮೇಲೆ ಸಂಬಳ ಏರಿಸುತ್ತೇವೆಂದು ಅಧಿಕಾರಿಗಳು ಧಾವಿಸುವುದು, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಅದಕ್ಕೆ ಮೊದಲೇ ಕರೆದು ಕೇಳಬೇಕು. ಕೇಳಿದ ಮೇಲೆ ಒಂದು ಗಡುವನ್ನಾದರೂ ಸಡಿಲಿಸಬೇಕು. ಬಾಯಿಬಿಟ್ಟವನಿಗೆ ಆ ವರ್ಷದ ಬಡ್ತಿ ತಪ್ಪಿಹೋದರೆ, ಮರುದಿನ ಬೆಳಗಿನ ಸಭೆಯಲ್ಲಿ ಎಲ್ಲರೂ ಹೇಳುವ ಮಾತು ಒಂದೇ: ‘ಅಡ್ಡಿಯೇನೂ ಇಲ್ಲ.’