ಐದು ಹುಣ್ಣೋ, ಆರು ಹುಣ್ಣೋ?

ಓದುಗರೊಬ್ಬರ ಪತ್ರದಲ್ಲಿ ಕೊಂಚ ಸಿಟ್ಟಿದೆ. ಅವರ ತಮ್ಮನಿಗೆ ಕ್ರೋನ್ಸ್ ಕಾಯಿಲೆ. ಕೆಟ್ಟ ಕರುಳನ್ನು ಕೊಯ್ದು ತೆಗೆದು ಆರು ತಿಂಗಳಾಯಿತು. ನೋವಿಲ್ಲ, ಊಟ ಸೇರುತ್ತಿದೆ. 'ಆದರೂ ಕೊಲೊನೋಸ್ಕೋಪಿ ಮಾಡಿಸಿ ಅಂತಾರೆ, ಇದು ದುಡ್ಡು ಕೀಳುವ ದಾರಿಯಲ್ಲವೇ?'

ಅಲ್ಲ. ಈ ಕಾಯಿಲೆಯಲ್ಲಿ ಹೊಟ್ಟೆಯ ಸಾಕ್ಷಿ ನಂಬುವಂಥದ್ದಲ್ಲ. ಬೆಲ್ಜಿಯಂನ ಲ್ಯೂವೆನ್‌ನ ವೈದ್ಯ ಪಾಲ್ ರುಟ್‌ಗೀರ್ಟ್ಸ್ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಪರೇಷನ್ ಆಗಿ ವರ್ಷ ತುಂಬುವುದರೊಳಗೆ ನೂರಕ್ಕೆ 73 ಮಂದಿಯ ಕರುಳಲ್ಲಿ ಹುಣ್ಣು ಮರಳಿತ್ತು. ತೊಂದರೆ ಗೊತ್ತಾದದ್ದು 20 ಮಂದಿಗೆ ಮಾತ್ರ. ಹುಣ್ಣು ಮರಳುವ ಜಾಗವೂ ಸೋಜಿಗದ್ದೇ. ಸಣ್ಣಕರುಳನ್ನು ದೊಡ್ಡಕರುಳಿಗೆ ಹೊಲಿದ ಜಾಗದ ಮೇಲ್ಬದಿಯಲ್ಲಿ, ಅದುವರೆಗೆ ನೆಟ್ಟಗಿದ್ದ ಸಣ್ಣಕರುಳಲ್ಲೇ ಹುಣ್ಣು ಏಳುತ್ತದೆ. ಕರುಳಿನ ಹರಿವನ್ನು ಹೊಟ್ಟೆಯಿಂದಲೇ ಹೊರಕ್ಕೆ ತಿರುಗಿಸಿದ್ದಾಗ ಏಳದ ಹುಣ್ಣು, ಹೊಲಿಗೆಯ ಮೂಲಕ ಮತ್ತೆ ಹರಿಯಬಿಟ್ಟಾಗ ಎದ್ದದ್ದನ್ನು ಅದೇ ತಂಡ 1991ರಲ್ಲಿ ತೋರಿಸಿತು. 'ಕೊಯ್ದು ಬಿಸಾಕಿದ್ದಾಯ್ತು, ಇನ್ನೇನು' ಎನ್ನುವವರು ಇದನ್ನು ಗಮನಿಸಬೇಕು. ಸಿಗರೇಟು ಸೇದುವವರಲ್ಲಂತೂ ಕಾಯಿಲೆ ಮರಳುವ ಸಂಭವ ಇನ್ನೂ ಹೆಚ್ಚು. ಸಿಗರೇಟು ಬಿಡದೆ ದೃಷ್ಟಿ ತೆಗೆಸುತ್ತ ಕೂತರೆ ಕರುಳು ಕೇಳುವುದಿಲ್ಲ.

ರುಟ್‌ಗೀರ್ಟ್ಸ್ ಕೊಟ್ಟ ಅಂಕಪಟ್ಟಿಯೇ ಇಂದಿಗೂ ಬಳಕೆಯಲ್ಲಿದೆ: ಐ0ರಿಂದ ಐ4ರವರೆಗೆ. ಬಾಯಿಹುಣ್ಣಿನಂಥ ಪುಟ್ಟ ಹುಣ್ಣು ಐದರವರೆಗಿದ್ದರೆ ಐ1. ಐದು ದಾಟಿತೋ, ಐ2. ಐ2 ಎಂದರೆ ಕಾಯಿಲೆ ಮರಳಿದೆ ಎಂದು ಲೆಕ್ಕ. ಸಾಮಾನ್ಯವಾಗಿ ಔಷಧ ಏರಿಸುವ ಮಾತು ಶುರುವಾಗುವುದೂ ಅಲ್ಲಿಂದಲೇ. ಆರನೆಯ ಹುಣ್ಣಿಗೆ ಎಷ್ಟು ಬೆಲೆ ನೋಡಿ!

ನಮ್ಮಲ್ಲಿ 'ಮಿಷನ್ನೇ ಹೇಳಿದೆ' ಎಂಬ ಮಾತಿಗೆ ಎದುರಿಲ್ಲ. ಕೊಲೊನೋಸ್ಕೋಪಿಯ ಕ್ಯಾಮೆರಾ ಏನನ್ನೂ ಹೇಳುವುದಿಲ್ಲ ಸ್ವಾಮಿ, ಹುಣ್ಣು ಎಣಿಸುವುದು ಮನುಷ್ಯ. ಕರುಳು ಮಿಸುಕುತ್ತಿರುತ್ತದೆ, ಮಡಿಕೆಯ ಹಿಂದೆ ಒಂದು ಹುಣ್ಣು ಅವಿತಿರುತ್ತದೆ, ನೊರೆಯ ಕೆಳಗೆ ಇನ್ನೊಂದು. ಅದು ಹುಣ್ಣೋ ಬರೀ ತರಚೋ? ಹೊಲಿಗೆಯ ಗೆರೆಯ ಮೇಲೇ ಇದ್ದರೆ ಕ್ರೋನ್ಸ್‌ನದೋ, ಹೊಲಿಗೆಯದೇ ಗಾಯವೋ? ಈ ಕೊನೆಯ ತಕರಾರಿಗಾಗಿಯೇ ಆಮೇಲೆ ಐ2 ಒಡೆದು ಎರಡಾಯಿತು: ಹೊಲಿಗೆಗಷ್ಟೇ ಸೀಮಿತವಾದದ್ದು ಐ2ಎ, ಮೇಲಿನ ಕರುಳಲ್ಲಿ ಇರುವುದು ಐ2ಬಿ.

2016ರಲ್ಲಿ ಫ್ರಾನ್ಸಿನ ಮಾರ್ಟೋ ಮತ್ತು ಸಂಗಡಿಗರು ನುರಿತ 13 ವೈದ್ಯರಿಗೆ ಇಂಥ 39 ಕೊಲೊನೋಸ್ಕೋಪಿ ವಿಡಿಯೊ ತೋರಿಸಿ ಅಂಕ ಹಾಕಿಸಿದರು. ನನಗೆ ತುಂಬ ಇಷ್ಟವಾದ ಪರೀಕ್ಷೆ ಇದು, ಇಲ್ಲಿ ಪರೀಕ್ಷೆಗೆ ಕೂತವರು ವೈದ್ಯರೇ! ಇಬ್ಬರು ಕಣ್ಣುಮುಚ್ಚಿ ಅಂಕ ಹಾಕಿದರೂ ಕೆಲವು ಸಲ ಒಂದೇ ಅಂಕ ಬೀಳುತ್ತದೆ. ಹಾಗೆ ಆಕಸ್ಮಿಕವಾಗಿ ಕೂಡಿಬಂದದ್ದನ್ನು ಕಳೆದು ಉಳಿದ ಒಮ್ಮತವನ್ನು ಅಳೆಯುವ ಮಾನಕ್ಕೆ ಕಪ್ಪಾ ಎಂದು ಹೆಸರು. ಪೂರ್ತಿ ಒಮ್ಮತವಿದ್ದರೆ 1, ಬರೀ ಆಕಸ್ಮಿಕವಾದರೆ 0. ಇವರಿಗೆ ಬಂದದ್ದು ಸುಮಾರು 0.43. ಪಾಸು, ಆದರೆ ಡಿಸ್ಟಿಂಕ್ಷನ್ ಅಲ್ಲ.

ಹಾಗಂತ ಪರೀಕ್ಷೆಯೇ ದಂಡವೇ? ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆರನೇ ತಿಂಗಳಿಗೆ ಕ್ಯಾಮೆರಾ ಇಳಿಸಿ, ಹುಣ್ಣು ಕಂಡವರಿಗೆ ಔಷಧ ಏರಿಸಿದ ಗುಂಪಿನಲ್ಲಿ 18 ತಿಂಗಳಿಗೆ ನೂರಕ್ಕೆ 49 ಮಂದಿಯಲ್ಲಿ ಕಾಯಿಲೆ ಮರಳಿತ್ತು; ಹಾಗೆ ಇಣುಕದೆ ಬಿಟ್ಟ ಗುಂಪಿನಲ್ಲಿ 67. ಆದ್ದರಿಂದ ತಮ್ಮನನ್ನು ಕಳಿಸಿ. ರಿಪೋರ್ಟಿನಲ್ಲಿ ಬರೀ 'ಐ2' ಎಂದಿದ್ದರೆ ಎಯೋ ಬಿಯೋ ಎಂದು ಕೇಳಿ, ವಿಡಿಯೊ ಇದ್ದರೆ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ಇನ್ನೊಬ್ಬ ವೈದ್ಯರಿಗೆ ತೋರಿಸುವಾಗ ಮೊದಲಿನವರು ಎಷ್ಟು ಅಂಕ ಕೊಟ್ಟರೆಂದು ಮುಂಚಿತವಾಗಿ ಬಾಯಿಬಿಡಬೇಡಿ.