ದೀರ್ಘ ಕೂಗು, ಸ್ಪಷ್ಟ ಮಾರ್ದನಿ

ಗುಡ್ಡದ ಈಚೆ ನಿಂತು ‘ಕೂ’ ಎಂದು ಕೂಗಿ, ಆಚೆಯ ಬಂಡೆಯಿಂದ ಮರಳುವ ಮಾರ್ದನಿಯನ್ನು ನಾವೆಲ್ಲರೂ ಬಾಲ್ಯದಲ್ಲಿ ಕೇಳಿದವರೇ. ಕೂಗು ತೀರ ಚುಟುಕಾದರೆ ದೂರದ ಮಾರ್ದನಿಯು ಗಾಳಿಯ ಸದ್ದಿನಲ್ಲಿ ಅಡಗಿಹೋಗುವುದು. ದೀರ್ಘವಾದರೆ ಎರಡು ಬಂಡೆಗಳ ಮಾರ್ದನಿಗಳು ಒಂದರೊಳಗೊಂದು ಬೆರೆತುಬಿಡುವುವು. ರಾಡಾರ್ ಯಂತ್ರಕ್ಕೆ ಒದಗಿದ ಧರ್ಮಸಂಕಟವೂ ಇದೇ.

ತಿರುಪತಿಯ ಸಮೀಪದ ಗಾದಂಕಿಯಲ್ಲಿ 1990ರ ದಶಕದಲ್ಲಿ ಸ್ಥಾಪಿತವಾದ ರಾಡಾರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 1024 ಆಂಟೆನಾಗಳ ಈ ವ್ಯೂಹವು ಆಕಾಶಕ್ಕೆ 53 ಮೆಗಾಹರ್ಟ್ಸ್ ಅಲೆಗಳನ್ನು ಕಳುಹಿಸಿ, ನಿರ್ಮಲವಾದ ಗಾಳಿಯಿಂದಲೇ ಮರಳುವ ಅತಿಕ್ಷೀಣ ಮಾರ್ದನಿಯನ್ನು ಆಲಿಸಿ, ಮೇಲುಗಾಳಿಯ ವೇಗವನ್ನು ಅಳೆಯುತ್ತದೆ. ರೇಡಿಯೋ ಅಲೆಯು ಒಂದು ಮೈಕ್ರೊಸೆಕೆಂಡಿನಲ್ಲಿ 300 ಮೀಟರ್ ಸಾಗುತ್ತದೆ. ಹೋಗಿ ಬರುವ ದಾರಿಯಾದ್ದರಿಂದ ಅಷ್ಟು ಹೊತ್ತಿನ ಸ್ಪಂದನವು 150 ಮೀಟರ್ ದಪ್ಪದ ಗಾಳಿಪದರವನ್ನು ಬೇರ್ಪಡಿಸಿ ತೋರಿಸಬಲ್ಲದು. ಬಲಕ್ಕಾಗಿ ಸ್ಪಂದನವನ್ನು 32 ಮೈಕ್ರೊಸೆಕೆಂಡುಗಳಿಗೆ ಹಿಗ್ಗಿಸಿದರೆ 4800 ಮೀಟರಿನೊಳಗಿನ ಪದರಗಳೆಲ್ಲ ಕಲಸಿಹೋಗುವುವು.

ಪರಿಹಾರವೇನು? ದೀರ್ಘ ಸ್ಪಂದನವನ್ನೇ ಕಳುಹಿಸುವುದು. ಆದರೆ ಒಂದೊಂದು ಮೈಕ್ರೊಸೆಕೆಂಡಿಗೂ ಅಲೆಯನ್ನು ನೇರವಾಗಿಯೋ ತಲೆಕೆಳಗಾಗಿಯೋ ಇರಿಸಿ ಅದರಲ್ಲೊಂದು ಸಂಕೇತವನ್ನು ಹೆಣೆಯುವುದು. ಮರಳಿದ ಅಲೆಯ ಮೇಲೆ ಅದೇ ಸಂಕೇತವನ್ನು ಹೆಜ್ಜೆ ಹೆಜ್ಜೆಯಾಗಿ ಸರಿಸುತ್ತ ತಾಳೆ ನೋಡಿದರೆ, ಎರಡೂ ಸರಿಯಾಗಿ ಕೂಡಿದ ಕ್ಷಣದಲ್ಲಿ ಎತ್ತರದ ಶಿಖರವೊಂದು ಮೂಡುವುದು. 32 ಮೈಕ್ರೊಸೆಕೆಂಡುಗಳ ಬಲ, ಒಂದು ಮೈಕ್ರೊಸೆಕೆಂಡಿನ ಸೂಕ್ಷ್ಮತೆ! ಇದಕ್ಕೆ ಸ್ಪಂದನ ಸಂಕೋಚನವೆಂದು ಹೆಸರು.

ಆದರೆ ಶಿಖರದ ಅಕ್ಕಪಕ್ಕದಲ್ಲಿ ಹುಸಿ ದಿಬ್ಬಗಳೂ ಏಳುವುವು. ಬಲವಾದ ಮಾರ್ದನಿಯ ಹುಸಿ ದಿಬ್ಬದಡಿಯಲ್ಲಿ ದುರ್ಬಲವಾದ ನಿಜ ಮಾರ್ದನಿ ಮುಚ್ಚಿಹೋದೀತು. ಇದನ್ನು ನೀಗಿಸುವ ಜೋಡಿ ಸಂಕೇತಗಳನ್ನು ಮಾರ್ಸೆಲ್ ಗೋಲೇ ಎಂಬ ವಿಜ್ಞಾನಿ 1961ರ ಲೇಖನದಲ್ಲಿ ವಿವರಿಸಿದರು. ಅವರಿಗೆ ಇದು ಮೊದಲು ಹೊಳೆದದ್ದು ರಾಡಾರಿಗಾಗಿ ಅಲ್ಲ, ಅವಕೆಂಪು ಬೆಳಕಿನ ಅಧ್ಯಯನಕ್ಕಾಗಿ. ಅತಿ ಚಿಕ್ಕ ಜೋಡಿಯನ್ನು ನೋಡೋಣ: ‘ನೇರ, ನೇರ’ ಎಂಬುದು ಒಂದು, ‘ನೇರ, ತಲೆಕೆಳಗು’ ಎಂಬುದು ಇನ್ನೊಂದು. ಮೊದಲನೆಯದನ್ನು ತಾಳೆ ನೋಡಿದಾಗ 1, 2, 1 ಬರುತ್ತದೆ. ಎರಡನೆಯದರಿಂದ -1, 2, -1. ಕೂಡಿಸಿದರೆ 0, 4, 0. ಹುಸಿ ಅಳಿಯಿತು, ನಿಜ ಇಮ್ಮಡಿಯಾಯಿತು. ಗಾದಂಕಿಯಲ್ಲಿ ಬಳಕೆಯಾದದ್ದು ಇದೇ ಜಾತಿಯ ಜೋಡಿ.

ಇದಕ್ಕೂ ಬೆಲೆ ತೆರಬೇಕು. ಜೋಡಿಯ ಎರಡು ಸ್ಪಂದನಗಳ ನಡುವೆ ಗಾಳಿಯ ಸ್ಥಿತಿ ಬದಲಾಗಬಾರದು. ಕೂಗುವಾಗ ಕಿವಿ ಮುಚ್ಚಿರುವುದರಿಂದ, 32 ಮೈಕ್ರೊಸೆಕೆಂಡುಗಳ ಸ್ಪಂದನಕ್ಕೆ ಸುಮಾರು 4.8 ಕಿಲೋಮೀಟರ್‌ಗಿಂತ ಕೆಳಗಿನ ಗಾಳಿಯ ಮಾರ್ದನಿ ಪೂರ್ಣವಾಗಿ ದೊರೆಯದು. ಆದ್ದರಿಂದ ಸಮೀಪದ ಗಾಳಿಗೆ ಚುಟುಕು ಸ್ಪಂದನವೇ ಗತಿ. ದೂರದವರನ್ನು ಕರೆಯುವ ದನಿಯಲ್ಲಿ ಹತ್ತಿರದವರೊಡನೆ ಮಾತನಾಡಲಾಗದೆಂಬುದು ಯಂತ್ರಕ್ಕೂ ತಪ್ಪಿದ್ದಲ್ಲ.